ಹೆಬ್ಬೆಟ್ಟು ಒತ್ತುವ ಹಿಂದಿನ ದಿನ: ವಕೀಲರನ್ನು ಯಾವಾಗ ಕಾಣಬೇಕು?

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಮಾತನ್ನು ಹೇಳದ ಹಿರಿಯರು ನಮ್ಮ ಕೊಪ್ಪಳ ಸೀಮೆಯಲ್ಲಿ ಸಿಗುವುದು ಕಷ್ಟ. ಮಾತು ಸುಳ್ಳಲ್ಲ. ಆದರೆ ಅದು ದಾವೆಯ ಬಗ್ಗೆ ಹೇಳಿದ್ದು, ವಕೀಲರ ಬಗ್ಗೆ ಅಲ್ಲ. ದಾವೆ ಹೂಡುವುದು ಬೇರೆ, ಕಾಗದ ತೋರಿಸಿ ಒಂದು ಮಾತು ಕೇಳುವುದು ಬೇರೆ. ಎರಡೂ ಒಂದೇ ಎಂದುಕೊಂಡು ದೂರ ಉಳಿದವರೇ ಕೊನೆಗೆ ಹೆಚ್ಚು ವರ್ಷ ಕೋರ್ಟಿಗೆ ಅಲೆದಿದ್ದನ್ನು ಕಂಡಿದ್ದೇನೆ.

ನನ್ನ ಸೋದರಮಾವ ಅವರಲ್ಲೊಬ್ಬರು. ಗಂಗಾವತಿಯ ಹೊರವಲಯದ ಹೊಲದಲ್ಲಿ ಗೂಟ ಹೊಡೆದು ತೋರಿಸಿದ ಪ್ಲಾಟನ್ನು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು, ನೋಟರಿ ಮುದ್ರೆ ಹಾಕಿಸಿ, ಪೂರ್ತಿ ಹಣ ಎಣಿಸಿದರು. ಪಾಯ ತೆಗೆಯುವ ದಿನ ಮಾರಿದವನ ಇಬ್ಬರು ಅಕ್ಕಂದಿರು ಬಂದು ನಿಂತರು. ಬರೆದ ಕಾಗದವನ್ನು ಮೊದಲೇ ಯಾರಿಗಾದರೂ ತೋರಿಸಲು ಒಂದೆರಡು ಚೀಲ ಭತ್ತದ ದುಡ್ಡು ಸಾಕಿತ್ತು.

ಹೆಜ್ಜೆ 1: ಭೂಮಿಗೆ ಮುಂಗಡ ಕೊಡುವ ಮೊದಲು

ಮುಂಗಡ ಕೊಟ್ಟ ಮೇಲೆ ಅಲ್ಲ, ಮೊದಲು. ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ, ಮಾರುವವರ ವಂಶವೃಕ್ಷ, ಪ್ಲಾಟಾದರೆ ಎನ್‌.ಎ. ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ) ಇಷ್ಟನ್ನು ಹಿಡಿದು ಹೋಗಿ. ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿದರೆ ಎಲ್ಲ ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ಅಕ್ಕತಂಗಿಯರ ಪಾಲು ಅದರಲ್ಲಿ ಕಾಣುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಯಿತು. ಆ ಹೊತ್ತಿಗೆ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾವ ಎಡವಿದ್ದು ಇಲ್ಲಿಯೇ. ಬಾಂಡ್, ನೋಟರಿ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಇವುಗಳಿಂದ ಮಾಲೀಕತ್ವ ಬದಲಾಗುವುದಿಲ್ಲ. ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು.

ಇನ್ನೆರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಈ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? ಹಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. ಹಳೆಯ ದಾಖಲೆ ಯಾವ ಭಾಷೆಯಲ್ಲಿದೆ? ಸ್ವಾತಂತ್ರ್ಯಕ್ಕೆ ಮೊದಲು ತುಂಗಭದ್ರಾ ನದಿಯಾಚೆಯ ಕಂಪ್ಲಿ ಮದ್ರಾಸ್ ಸರ್ಕಾರದಲ್ಲಿತ್ತು, ಈಚೆಯ ನಾವು ನಿಜಾಮನ ರಾಜ್ಯದಲ್ಲಿದ್ದೆವು. ಕೊಪ್ಪಳ, ರಾಯಚೂರು ಕಡೆ ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿರುವುದುಂಟು. ಓದಲು ಬಾರದೆಂದು ಪೆಟ್ಟಿಗೆಯ ತಳಕ್ಕೆ ಹಾಕಿದ ಕಾಗದವೇ ವಕೀಲರಿಗೆ ಮುಖ್ಯವಾಗಬಹುದು.

ಹೊಲವನ್ನು ಲಾವಣಿಗೆ (ಗೇಣಿಗೆ) ಹಾಕುವವರೂ ಹಿಡಿಯುವವರೂ ಗಮನಿಸಿ. ಭತ್ತದ ಸೀಮೆಯಲ್ಲಿ ಇದು ದಿನನಿತ್ಯದ ವ್ಯವಹಾರ. ಆದರೆ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಕೃಷಿ ಜಮೀನಿನ ಗೇಣಿಯನ್ನು ಕೆಲವೇ ಕೆಲವು ವಿನಾಯಿತಿ ಬಿಟ್ಟು ಒಪ್ಪುವುದಿಲ್ಲ. ‘ಕರಾರು ಬರೆದುಕೊಂಡಿದ್ದೇವೆ’ ಎಂಬ ಧೈರ್ಯ ಎಷ್ಟು ದೂರ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 2: ದಿನ ಎಣಿಸುವ ವಿಷಯಗಳಲ್ಲಿ ತಡಮಾಡಬೇಡಿ

ಮಿಲ್‌ನವರೋ ದಲಾಲಿ ಅಂಗಡಿಯವರೋ ಕೊಟ್ಟ ಚೆಕ್ ಬೌನ್ಸ್ ಆಯಿತು ಎನ್ನಿ. ಬ್ಯಾಂಕಿನ ತಿಳಿವಳಿಕೆ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳುಹಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ‘ಸುಗ್ಗಿ ಮುಗಿಯಲಿ, ಕೊಡುತ್ತೇನೆ’ ಎಂಬ ಮಾತು ಈ ಲೆಕ್ಕವನ್ನು ನಿಲ್ಲಿಸುವುದಿಲ್ಲ. ಕೈಗಡದ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಗಡುವು.

ಸಿವಿಲ್ ದಾವೆಯ ಸಮನ್ಸ್ ಬಂದರೆ ಉತ್ತರಕ್ಕೆ 30 ದಿನ, ನ್ಯಾಯಾಲಯ ಒಪ್ಪಿದರೆ 90ರವರೆಗೆ. ಪೋಸ್ಟ್‌ಮ್ಯಾನ್ ಬಂದಾಗ ‘ಊರಲ್ಲಿಲ್ಲ’ ಎಂದು ಹೇಳಿಸುವುದು ಜಾಣತನವಲ್ಲ. ನೀವಿಲ್ಲದೆಯೇ ಏಕಪಕ್ಷೀಯ ತೀರ್ಪು ಬರಬಹುದು. ಸಂಬಂಧಿಕರ ಸಾಲಕ್ಕೆ ಜಾಮೀನು ಹಾಕುವ ಮುನ್ನವೂ ಕೇಳಿ. ಸಾಲಗಾರನಷ್ಟೇ ಹೊಣೆ ಜಾಮೀನುದಾರನ ಮೇಲೂ ಇರುತ್ತದೆ, ಬೀಗರ ಮುಖ ನೋಡಿ ಬ್ಯಾಂಕ್ ಅದನ್ನು ಬಿಡುವುದಿಲ್ಲ.

ಹೆಜ್ಜೆ 3: ಠಾಣೆಯಿಂದ ಕರೆ ಬಂದರೆ

ದೂರು ಕೊಡಲು ವಕೀಲರು ಬೇಕಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ನಿಮ್ಮ ಮೇಲೆಯೇ ದೂರು ಬಂದಿದ್ದರೆ ಆ ದಿನವೇ ವಕೀಲರನ್ನು ಕಾಣಿರಿ. ಬಂಧಿಸಿದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತಮ್ಮ ಆಯ್ಕೆಯ ವಕೀಲರನ್ನು ಕಾಣುವುದು ಬಂಧಿತರ ಹಕ್ಕು.

ಹೆಜ್ಜೆ 4: ಎಲ್ಲಿ ಬೇಕಿಲ್ಲ

ಪಹಣಿಯಲ್ಲಿ ಹೆಸರಿನ ಅಕ್ಷರ ತಪ್ಪಿದ್ದರೆ ನಾಡಕಚೇರಿ, ತಹಶೀಲ್ದಾರ್ ಕಚೇರಿಗೆ ಹೋಗಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ಕೆಟ್ಟ ಪಂಪ್‌ಸೆಟ್ ಕೊಟ್ಟ ಅಂಗಡಿಯ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ನೀವೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಹೆಜ್ಜೆ 5: ಭೇಟಿಗೆ ಹೋಗುವಾಗ

ನಡೆದ ಘಟನೆಗಳನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಕಡೆಯ ತಪ್ಪನ್ನೂ ಬರೆಯಿರಿ, ಎದುರಿನವರು ಹೇಗೂ ಅದನ್ನೇ ಮೊದಲು ಎತ್ತುತ್ತಾರೆ. ಫೀಸು ಎಷ್ಟು, ಯಾವ ಕಂತಿನಲ್ಲಿ ಎಂದು ಸಂಕೋಚವಿಲ್ಲದೆ ಕೇಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ವಿಚಾರಿಸಿ. ಸಹಾಯವಾಣಿ 15100. ರಾಜಿಯಾಗುವ ಜಗಳವಾದರೆ ಲೋಕ ಅದಾಲತ್‌ಗೆ ಹಾಕಿಸಿ. ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್.

ವಕಾಲತ್ತಿಗೆ (ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ) ಸಹಿ ಹಾಕುವಾಗ ಖಾಲಿ ಹಾಳೆಗಳಿಗೂ ಸಹಿ ಕೇಳಿದರೆ ಏಕೆ ಎಂದು ಕೇಳಿ. ಮೊದಲ ಭೇಟಿಗೆ ಜೆರಾಕ್ಸ್ ಸಾಕು. ಮೂಲ ಪತ್ರ ಕೊಡಲೇಬೇಕಾದಾಗ ಯಾವ ಯಾವ ಪತ್ರ ಎಂದು ಪಟ್ಟಿ ಮಾಡಿ, ತಲುಪಿದ್ದಕ್ಕೆ ಸಹಿ ಪಡೆದು ಮನೆಯಲ್ಲಿಟ್ಟುಕೊಳ್ಳಿ.