ಬದಲಿ ಗಿಟಾರ್ ನೆಕ್: ಹೀಲಿನ ಮೇಲಿನ ಮೊಹರನ್ನು ಓದುವ ಬಗೆ

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರುಗಳ ವ್ಯಾಪಾರ ಈಗ ಬಹುಮಟ್ಟಿಗೆ ಫೋನಿನಲ್ಲೇ ಕುದುರುತ್ತದೆ. ಮಾರುವವರು ನಾಲ್ಕಾರು ಫೋಟೊ ಕಳಿಸುತ್ತಾರೆ, ಹೆಡ್‌ಸ್ಟಾಕಿನ, ಅಂದರೆ ತಂತಿ ಬಿಗಿಯುವ ತಲೆಭಾಗದ, ಮೇಲೆ ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನ ಹೆಸರು ಕಾಣುತ್ತದೆ, ಕೇಳುವ ಬೆಲೆಯೂ ಆ ಹೆಸರಿಗೆ ತಕ್ಕಂತೆಯೇ ಇರುತ್ತದೆ. ಆದರೆ ಅದರ ಸ್ಟ್ರಾಟೊಕ್ಯಾಸ್ಟರ್ (ಸ್ಟ್ರಾಟ್) ಮತ್ತು ಟೆಲಿಕ್ಯಾಸ್ಟರ್ (ಟೆಲಿ) ಮಾದರಿಯ ಗಿಟಾರುಗಳಲ್ಲಿ ನೆಕ್ಕನ್ನು, ಅಂದರೆ ಉದ್ದನೆಯ ಕತ್ತನ್ನು, ಅಂಟಿನಿಂದ ಕೂಡಿಸಿರುವುದಿಲ್ಲ, ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಹಾಗಾಗಿ ಯಾವ ನೆಕ್ ಯಾವ ಬಾಡಿಯ ಮೇಲೆ ಬೇಕಾದರೂ ಬಂದು ಕುಳಿತಿರಬಹುದು. ಹೆಡ್‌ಸ್ಟಾಕಿನ ಡೆಕಾಲ್ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಹಾಳೆ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ನೆಕ್ಕಿನ ಮೂಲವನ್ನು ತಿಳಿಯಬೇಕಾದವರು ಅದನ್ನು ಬಿಚ್ಚಿ, ಬಾಡಿಯೊಳಗೆ ಕೂರುವ ತುದಿಯನ್ನು, ಅಂದರೆ ಹೀಲನ್ನು, ನೋಡಬೇಕು.

ಬಿಚ್ಚುವ ಕೆಲಸ ಕಷ್ಟವಲ್ಲ, ಆದರೆ ಅವಸರ ಕೂಡದು. ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಿ, ಮೊದಲ ಫ್ರೆಟ್ಟಿಗೆ (ನೆಕ್ಕಿನ ಅಡ್ಡ ಲೋಹಪಟ್ಟಿ) ಕೇಪೊ, ಅಂದರೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್, ಹಾಕಿದರೆ ತಂತಿಗಳನ್ನು ಕಿತ್ತುಹಾಕುವ ಅಗತ್ಯವಿರುವುದಿಲ್ಲ. ಹಿಂಬದಿಯ ಲೋಹದ ಪ್ಲೇಟಿನ ಸ್ಕ್ರೂಗಳನ್ನು ತಲೆಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರಿನಿಂದ ತೆಗೆದು, ಯಾವ ಸ್ಕ್ರೂ ಯಾವ ರಂಧ್ರದ್ದೆಂದು ಗುರುತಿಟ್ಟುಕೊಳ್ಳಿ; ಕೆಲವು ಗಿಟಾರುಗಳಲ್ಲಿ ಅವುಗಳ ಉದ್ದ ಒಂದೇ ಸಮ ಇರುವುದಿಲ್ಲ. ನೆಕ್ಕನ್ನು ಪಕ್ಕಕ್ಕೆ ಅಲ್ಲಾಡಿಸದೆ ನೇರವಾಗಿ ಮೇಲಕ್ಕೆ ಎತ್ತಬೇಕು, ಇಲ್ಲವಾದರೆ ನೆಕ್ ಕೂರುವ ಗುಳಿಯ (ಪಾಕೆಟ್) ಅಂಚಿನ ಬಣ್ಣ ಎದ್ದು ಬರುತ್ತದೆ. ಒಳಗೆ ರಟ್ಟಿನ ಚೂರೋ ಮರಳುಕಾಗದದ ತುಂಡೋ ಸಿಕ್ಕರೆ ಕಸವೆಂದು ಎಸೆಯಬೇಡಿ. ನೆಕ್ಕಿನ ಓರೆ ಸರಿಪಡಿಸಲು ಯಾರೋ ಇಟ್ಟಿರುವ ಶಿಮ್ ಅದು, ಇದ್ದ ಜಾಗಕ್ಕೇ ಮರಳಬೇಕು.

ಹೀಲನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ. ನೇರ ಬೆಳಕಿನಲ್ಲಿ ಕಾಣದ ಒತ್ತುಮುದ್ರೆ ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಗುರುತುಗಳು ಸಾಮಾನ್ಯವಾಗಿ ಮೂರು ಬಗೆ: ರಬ್ಬರ್ ಸ್ಟ್ಯಾಂಪಿನ ಶಾಯಿ, ಮರಕ್ಕೆ ಒತ್ತಿದ ಅಥವಾ ಸುಟ್ಟು ಮೂಡಿಸಿದ ಮುದ್ರೆ, ಮತ್ತು ಪೆನ್ಸಿಲ್ ಬರಹ. ಹೀಲಿನ ಕೆಳಮೈಯಷ್ಟೇ ಅಲ್ಲ, ಬೆರಳೊತ್ತುವ ಹಲಗೆಯಾದ ಫ್ರೆಟ್‌ಬೋರ್ಡ್ ಮುಗಿಯುವ ಅಡ್ಡ ಅಂಚನ್ನೂ ತಂತಿ ಬಿಗಿಯುವ ಟ್ಯೂನರುಗಳ ಅಡಿಯನ್ನೂ ನೋಡಲು ಮರೆಯಬೇಡಿ.

ಅತಿ ಹೆಚ್ಚು ಗೊಂದಲ ಹುಟ್ಟಿಸುವ ಗುರುತು ‘ಲೈಸೆನ್ಸ್ಡ್ ಬೈ ಫೆಂಡರ್’ ಎಂಬುದು. ‘ಸಾರ್, ಫೆಂಡರ್ ಅಂತಾನೇ ಒತ್ತಿದೆಯಲ್ಲ, ಇನ್ನೇನು ಬೇಕು?’ ಎಂದು ಮಾರುವವರು ಪ್ರಾಮಾಣಿಕವಾಗಿಯೇ ಕೇಳಬಹುದು. ಆ ಮೊಹರು ಇರುವ ನೆಕ್ಕನ್ನು ಫೆಂಡರ್ ಕಂಪನಿ ತಯಾರಿಸಿಲ್ಲ. ಹೆಡ್‌ಸ್ಟಾಕಿನ ಆಕಾರ ಫೆಂಡರ್‌ನ ನೋಂದಾಯಿತ ಗುರುತಾಗಿರುವುದರಿಂದ, ಆ ಆಕಾರವನ್ನು ಬಳಸಲು ಬೇರೆ ತಯಾರಕರು ಅನುಮತಿ ಪಡೆದಿದ್ದಾರೆ ಎಂಬುದಷ್ಟೇ ಅದರ ಅರ್ಥ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾರ್ಮತ್, ಬಿಡಿಭಾಗಗಳ ವ್ಯಾಪಾರದಲ್ಲಿ ಹಳೆಯ ಹೆಸರಾದ ಆಲ್‌ಪಾರ್ಟ್ಸ್, ಮೈಟಿ ಮೈಟ್ ಮೊದಲಾದವರ ನೆಕ್‌ಗಳಲ್ಲಿ ಈ ಒಕ್ಕಣೆ ಕಾಣಸಿಗುತ್ತದೆ. ಇದು ನಕಲಿಯ ಗುರುತೂ ಅಲ್ಲ. ವಾರ್ಮತ್‌ನ ಎಷ್ಟೋ ನೆಕ್‌ಗಳು ಕಾರ್ಖಾನೆಯ ಅಗ್ಗದ ನೆಕ್‌ಗಳಿಗಿಂತ ಚೆನ್ನಾಗಿಯೇ ಇರುತ್ತವೆಂಬುದು ನನ್ನ ಅಭಿಪ್ರಾಯ. ತಪ್ಪಾಗುವುದು ಅಂಥ ನೆಕ್ಕಿನ ಮೇಲೆ ಫೆಂಡರ್ ಡೆಕಾಲ್ ಅಂಟಿಸಿ ಫೆಂಡರ್ ಬೆಲೆಗೆ ಮಾರಿದಾಗ. ಹೀಲಿನಲ್ಲಿ ಲೈಸೆನ್ಸ್ ಮುದ್ರೆ, ಹೆಡ್‌ಸ್ಟಾಕಿನಲ್ಲಿ ಫೆಂಡರ್ ಹೆಸರು, ಇವೆರಡೂ ಒಟ್ಟಿಗೆ ಕಂಡರೆ ಡೆಕಾಲ್ ಆಮೇಲೆ ಬಂದದ್ದೆಂದು ತಿಳಿಯಿರಿ.

ಆಲ್‌ಪಾರ್ಟ್ಸ್ ನೆಕ್ಕಿನ ಚೀಟಿ ಅಥವಾ ಬಿಲ್ ಉಳಿದಿದ್ದರೆ ಅದರ ಮಾದರಿ ಸಂಕೇತವನ್ನು ಸುಲಭವಾಗಿ ಬಿಡಿಸಬಹುದು. ‘ಎಸ್‌ಎಂಒ’ ಎಂದಿದ್ದರೆ ಸ್ಟ್ರಾಟ್ ಮಾದರಿ, ಮೇಪಲ್ ಫ್ರೆಟ್‌ಬೋರ್ಡ್, ಪಾಲಿಶ್ ಇಲ್ಲದ್ದು. ‘ಟಿಆರ್‌ಒ’ ಎಂದಿದ್ದರೆ ಟೆಲಿ ಮಾದರಿ, ರೋಸ್‌ವುಡ್ ಫ್ರೆಟ್‌ಬೋರ್ಡ್, ಪಾಲಿಶ್ ಇಲ್ಲದ್ದು. ಕೊನೆಯಲ್ಲಿ ‘ಎಫ್’ ಇದ್ದರೆ ಪಾಲಿಶ್ ಆಗಿ ಬಂದದ್ದು. ‘ಎಫ್’ ಸಂಕೇತದ ನೆಕ್ಕಿನ ಮೈಯಲ್ಲಿ ಕೈಯಿಂದ ಹಚ್ಚಿದ ಎಣ್ಣೆಯಷ್ಟೇ ಇದ್ದರೆ ಅದನ್ನು ಉಜ್ಜಿ ಮತ್ತೆ ಮಾಡಿದ್ದಾರೆಂದು ಊಹಿಸಬಹುದು.

ಹಳೆಯ ಫೆಂಡರ್ ನೆಕ್‌ಗಳ ವಿಷಯ ಬೇರೆ. 1950ರ ದಶಕದಲ್ಲಿ ಕೆಲಸಗಾರರು ತಾರೀಖನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನೆಕ್ಕಿಗೆ ರೂಪ ಕೊಡುತ್ತಿದ್ದ ಟಾಡಿಯೊ ಗೋಮೆಜ್ ಅವರ ‘ಟಿಜಿ’ ಎಂಬ ಮೊದಲಕ್ಷರಗಳನ್ನು ಸಂಗ್ರಹಕಾರರು ಇಂದಿಗೂ ಹುಡುಕುತ್ತಾರೆ. 1962ರಲ್ಲಿ ಪೆನ್ಸಿಲಿನ ಜಾಗಕ್ಕೆ ರಬ್ಬರ್ ಸ್ಟ್ಯಾಂಪ್ ಬಂತು. ಅದರಲ್ಲಿ ಮೊದಲು ಒಂದೋ ಎರಡೋ ಅಂಕೆ, ಬಳಿಕ ತಿಂಗಳಿನ ಮೂರಕ್ಷರ, ವರ್ಷದ ಎರಡಂಕೆ, ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಮೊದಲ ಸಂಖ್ಯೆ ದಿನಾಂಕವಲ್ಲ, ನೆಕ್ ಯಾವ ಮಾದರಿಯದೆಂದು ಹೇಳುವ ಸಂಕೇತ. ಕೊನೆಯ ಅಕ್ಷರ ನಟ್ಟಿನ, ಅಂದರೆ ಹೆಡ್‌ಸ್ಟಾಕಿನ ಬುಡದಲ್ಲಿ ತಂತಿಗಳು ಹಾಯುವ ಪಟ್ಟಿಯ, ಅಗಲವನ್ನು ಸೂಚಿಸುತ್ತದೆ; ‘ಎ’ ಎಂದರೆ ಒಂದೂವರೆ ಇಂಚು, ಸಾಮಾನ್ಯವಾಗಿ ಕಾಣುವ ‘ಬಿ’ ಎಂದರೆ 1 5/8 ಇಂಚು, ಅಂದರೆ ಸುಮಾರು 41.3 ಮಿ.ಮೀ. ಮೊಹರಿನಲ್ಲಿ ‘ಬಿ’ ಇದ್ದು, ಅಳೆದಾಗ 43 ಮಿ.ಮೀ. ಬಂದರೆ, ಮೊಹರೋ ನೆಕ್ಕೋ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.

ಶಾಯಿಯನ್ನೂ ಹತ್ತಿರದಿಂದ ನೋಡಬೇಕು. ಪಾಲಿಶ್ ಇಲ್ಲದ ಮೇಪಲ್ ಮರದ ಮೇಲೆ ದಶಕಗಳಷ್ಟು ಹಳೆಯ ಶಾಯಿ ಎಳೆಗಳ ಗುಂಟ ಸ್ವಲ್ಪ ಹರಡಿ, ಅಂಚು ಮಸುಕಾಗಿ, ಮರದ ಬಣ್ಣದೊಂದಿಗೆ ಬೆರೆತಿರುತ್ತದೆ. ಹೀಲಿನ ಉಳಿದ ಭಾಗ ಹಳದಿಗಟ್ಟಿದ್ದು, ಮೊಹರಿನ ಸುತ್ತ ಮಾತ್ರ ಮರ ಬೆಳ್ಳಗೆ, ಹೊಸದಾಗಿ ಉಜ್ಜಿದಂತೆ ಕಂಡರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಸ್ಕ್ರೂ ರಂಧ್ರಗಳನ್ನೂ ಎಣಿಸಿ. ನಾಲ್ಕು ರಂಧ್ರಗಳ ಪಕ್ಕದಲ್ಲೇ ಮರದ ಬಿರಡೆ ಬಡಿದು ಮುಚ್ಚಿದ ದುಂಡನೆಯ ಗುರುತುಗಳಿದ್ದರೆ, ಆ ನೆಕ್ ಹಿಂದೆ ಬೇರೊಂದು ಬಾಡಿಯ ಮೇಲಿದ್ದಿರಬಹುದು.

ಪ್ಲೇಟಿನ ಮೇಲಿನ ಸಂಖ್ಯೆಯನ್ನು ನೆಕ್ಕಿನ ಸಾಕ್ಷ್ಯವೆಂದು ಒಪ್ಪಬಾರದು. 1976ರವರೆಗೆ ಫೆಂಡರ್ ಸೀರಿಯಲ್ ನಂಬರನ್ನು ಪ್ಲೇಟಿನ ಮೇಲೇ ಒತ್ತುತ್ತಿತ್ತು, ಆಮೇಲೆ ಅದು ಹೆಡ್‌ಸ್ಟಾಕಿಗೆ ಹೋಯಿತು. ಪ್ಲೇಟ್ ಬದಲಾಯಿಸುವುದು ನೆಕ್ ಬದಲಾಯಿಸುವುದಕ್ಕಿಂತಲೂ ಸುಲಭ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಮೆಕ್ಸಿಕೊದ ಫೆಂಡರ್‌ಗಳಲ್ಲಿ ಸೀರಿಯಲ್ ನಂಬರಿನ ಆರಂಭದಲ್ಲಿ ‘ಎಂಎನ್’ ಎಂದರೆ 1990ರ ದಶಕ, ‘ಎಂಝಡ್’ ಎಂದರೆ 2000ದ ದಶಕ, ‘ಎಂಎಕ್ಸ್’ ಎಂದರೆ 2010ರಿಂದ ಈಚಿನದು. ‘ಐಸಿಎಸ್’ ಎಂದು ಶುರುವಾದರೆ ಅದು ಇಂಡೊನೇಷ್ಯಾದಲ್ಲಿ ತಯಾರಾದ ಸ್ಕ್ವಯರ್, ಅಂದರೆ ಫೆಂಡರ್‌ನ ಅಗ್ಗದ ಬ್ರಾಂಡ್.

ಸೀರಿಯಲ್ ನಂಬರನ್ನು ಪರೀಕ್ಷಿಸಲು ಫ್ರೆಟ್‌ಬೋರ್ಡಿನ ಮರವೂ ನೆರವಾಗುತ್ತದೆ, ಆ ಕಥೆಗೆ ನಮ್ಮ ಮಲೆನಾಡಿನ ನಂಟೂ ಇದೆ. ಗಿಟಾರ್ ಜಗತ್ತು ಇಂಡಿಯನ್ ರೋಸ್‌ವುಡ್ ಎನ್ನುವುದು ನಮ್ಮ ಬೀಟೆಯನ್ನೇ. 2017ರ ಜನವರಿಯಲ್ಲಿ ಆ ಕುಲದ ಬಹುತೇಕ ಎಲ್ಲ ಮರಗಳೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದವು. ತಯಾರಾದ ವಾದ್ಯಗಳಿಗೂ ಅವುಗಳ ಭಾಗಗಳಿಗೂ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಈ ಅವಧಿಯಲ್ಲಿ ಮೆಕ್ಸಿಕೊದ ಹಲವು ಫೆಂಡರ್ ಮಾದರಿಗಳು ರೋಸ್‌ವುಡ್ ಬಿಟ್ಟು ತುಸು ತಿಳಿ, ಕೆಂಪು ಛಾಯೆಯ ಪಾವ್ ಫೆರೊ ಮರಕ್ಕೆ ಹೊರಳಿದವು. ‘ಎಂಎನ್’ ಸಂಖ್ಯೆಯ ಸಾಮಾನ್ಯ ಮಾದರಿಯೊಂದರಲ್ಲಿ ಪಾವ್ ಫೆರೊ ಕಂಡರೆ ಹೆಡ್‌ಸ್ಟಾಕನ್ನು ಇನ್ನೊಮ್ಮೆ ನೋಡಬೇಕು.

ಯಾವ ಗುರುತೂ ಇಲ್ಲದ, ಅಥವಾ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಸ್ಟಿಕ್ಕರ್ ಮಾತ್ರ ಇರುವ ನೆಕ್‌ಗಳೂ ಆನ್‌ಲೈನ್‌ನಲ್ಲಿ ಧಾರಾಳ. ಅವುಗಳ ಮೂಲ ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ಅಂಥವನ್ನು ಅಳತೆಯಿಂದಲೇ ತೂಗಬೇಕು, ಎಸ್.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಸಿಗುವ ಸಾಧಾರಣ ವರ್ನಿಯರ್ ಕ್ಯಾಲಿಪರ್ ಸಣ್ಣ ಅಳತೆಗಳಿಗೆ ಸಾಕು. ಫೆಂಡರ್ ಅಳತೆಯ ಹೀಲಿನ ಅಗಲ ಸುಮಾರು 56 ಮಿ.ಮೀ. ಇರಬೇಕು. ನಟ್ಟಿನಿಂದ 12ನೇ ಫ್ರೆಟ್ಟಿನವರೆಗಿನ ದೂರ 324 ಮಿ.ಮೀ. ಇದ್ದರೆ ಅದರ ಎರಡರಷ್ಟಾದ 648 ಮಿ.ಮೀ., ಅಂದರೆ 25.5 ಇಂಚು, ಅದರ ಸ್ಕೇಲ್ (ತಂತಿ ಮಿಡಿಯುವ ಉದ್ದ). ಸ್ಟ್ರಾಟ್ ಮಾದರಿಯ ಹೀಲಿನ ತುದಿ ದುಂಡಗೆ, ಟೆಲಿಯದು ನೇರ. ಇದನ್ನು ನೋಡದೆ ತರಿಸಿ ಆಮೇಲೆ ಉಳಿ ಹಿಡಿದು ಕೂರುವವರು ಕಡಿಮೆಯಿಲ್ಲ. ಟ್ಯೂನರ್ ರಂಧ್ರಗಳು ಹಳೆಯ ಮಾದರಿಯಲ್ಲಿ ಸುಮಾರು 8.7 ಮಿ.ಮೀ., ಈಚಿನವುಗಳಲ್ಲಿ 10 ಮಿ.ಮೀ. ಆಸುಪಾಸಿನಲ್ಲಿರುತ್ತವೆ. ಫ್ರೆಟ್‌ಬೋರ್ಡಿನ ಉಬ್ಬನ್ನು ಅಳೆಯುವ ರೇಡಿಯಸ್ ಗೇಜ್ ನಟ್ಟಿನ ಬಳಿ 10 ಇಂಚು, ಹೀಲಿನ ಬಳಿ 16 ಇಂಚು ತೋರಿಸಿದರೆ, ಮುದ್ರೆ ಅಳಿಸಿಹೋಗಿದ್ದರೂ ವಾರ್ಮತ್ ಇರಬಹುದೇ ಎಂದು ಯೋಚಿಸಲು ಕಾರಣವಿದೆ.

ನೋಡಿದ್ದೆಲ್ಲವನ್ನೂ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಫೋಟೊ ತೆಗೆದುಕೊಳ್ಳಿ. ದೂರದ ಮಾರಾಟಗಾರರಾದರೆ ಹಣ ಕಳಿಸುವ ಮುನ್ನವೇ ಹೀಲಿನ ಚಿತ್ರ ಕೇಳಿ. ಬಿಚ್ಚಲು ಒಪ್ಪದವರಿಗೆ ಬದಲಿ ನೆಕ್ಕಿನ ಬೆಲೆಯನ್ನಷ್ಟೇ ಹೇಳಿ. ನೆಕ್ಕನ್ನು ಮತ್ತೆ ಕೂರಿಸುವಾಗ ಪ್ರತಿ ಸ್ಕ್ರೂವನ್ನೂ ಮೊದಲು ಹಿಮ್ಮುಖವಾಗಿ ತಿರುಗಿಸಿ, ಅದು ರಂಧ್ರದೊಳಗಿನ ಹಳೆಯ ತಿರುಪಿನ ಗೆರೆಗೆ ‘ಟಕ್’ ಎಂದು ಇಳಿದ ಮೇಲೆ ಬಿಗಿಯಿರಿ. ಹೀಗೆ ಮಾಡದೆ ಬಿಗಿದರೆ ಮೇಪಲ್ಲಿನಲ್ಲಿ ಹೊಸ ಗೆರೆ ಕೊರೆದು, ರಂಧ್ರ ಸಡಿಲವಾಗುತ್ತದೆ.