ದವಡೆ ಮೂಳೆ ಕ್ಲೀನ್ ಮಾಡಿ ಕ್ಲಾಸಿಗೆ ತಗೊಂಡು ಹೋಗೋದು: ನನ್ನ ಅನುಭವ

ನಾನು ಝೂವಾಲಜಿ ಪಾಠ ಮಾಡೋನು. ಬೋರ್ಡ್ ಮೇಲೆ ಚಿತ್ರ ಬರೆಯೋದಕ್ಕಿಂತ ಮೂಳೆನೇ ಕೈಗೆ ಕೊಟ್ರೆ ಸ್ಟೂಡೆಂಟ್ಸ್‌ಗೆ ಬೇಗ ತಲೆಗೆ ಹತ್ತುತ್ತೆ, ಅದಕ್ಕೆ ನಾಯಿದು, ಆಡಿನದು ತಲೆಬುರುಡೆ ನಾನೇ ರೆಡಿ ಮಾಡ್ಕೋತೀನಿ. ಕುದಿಸೋಕೆ ಹೋಗಲ್ಲ, ಕುದಿಸಿದ್ರೆ ಕೊಬ್ಬು ಮೂಳೆ ಒಳಗೇ ಇಳಿದು ಆಮೇಲೆ ಹಳದಿ ಬರುತ್ತೆ. ಗ್ಲೌಸ್ ಹಾಕ್ಕೊಂಡು ಮಾಂಸ ಬಿಡಿಸಿ, ಮುಚ್ಚಳ ಇರೋ ಬಕೆಟ್ಟಲ್ಲಿ ವಾರಗಟ್ಟಲೆ ನೆನೆಹಾಕಿ, ನೀರು ಚೆಲ್ಲುವಾಗ ಜರಡಿ ಹಿಡಿದು (ಬಾಚಿಹಲ್ಲು ಉದುರಿ ಹೋಗ್ಬಿಡುತ್ತೆ), ಡಿಟರ್ಜೆಂಟ್ ನೀರಲ್ಲಿ ಜಿಡ್ಡು ತೆಗೆದು ಕೊನೆಗೆ 3% ಹೈಡ್ರೋಜನ್ ಪೆರಾಕ್ಸೈಡಲ್ಲಿ ಹಾಕ್ತೀನಿ. ಬ್ಲೀಚ್ ಬೇಡವೇ ಬೇಡ, ಮೂಳೆ ಪುಡಿ ಉದುರೋಕೆ ಶುರುವಾಗುತ್ತೆ.

ನಾಯಿ ಕೆಳದವಡೆ ಸಾಮಾನ್ಯವಾಗಿ ಎರಡು ತುಂಡಾಗಿ ಕೈಗೆ ಬರುತ್ತೆ, ಮುರೀತು ಅಂತ ಗಾಬರಿ ಆಗ್ಬೇಡಿ, ಮುಂಭಾಗದಲ್ಲಿ ಆ ಎರಡು ತುಂಡು ಮೂಳೆಯಾಗಿ ಬೆಸೆದಿರಲ್ಲ. ನಮ್ಮದು ಮಗುಗೆ ಒಂದು ವರ್ಷ ತುಂಬೋ ಹೊತ್ತಿಗೆ ಬೆಸೆದು ಒಂದೇ ಮೂಳೆ ಆಗಿರುತ್ತೆ.

ನಾನು ಮೊದಲು ತೋರಿಸೋದು ಹಲ್ಲಲ್ಲ, ಕೀಲು. ನಾಯಿ ದವಡೆನ ಟೇಬಲ್ ಮೇಲಿಟ್ಟು ಪಕ್ಕದಿಂದ ನೋಡಿ, ಕೀಲು ಹಲ್ಲಿನ ಸಾಲಿನ ಮಟ್ಟದಲ್ಲೇ ಇರುತ್ತೆ, ಹಂಗಾಗಿ ಕತ್ತರಿ ತರ ಹಿಂದಿನಿಂದ ಮುಂದಕ್ಕೆ ಮುಚ್ಚುತ್ತೆ, ಪಕ್ಕಕ್ಕೆ ಆಡಿಸೋಕೆ ಹೋದ್ರೆ ಜಾಸ್ತಿ ಜರುಗಲ್ಲ. ಆಡಿನದು ನೋಡಿದ್ರೆ ಕೀಲು ಎಷ್ಟೋ ಮೇಲಿದೆ, ಆದ್ದರಿಂದ ದವಡೆಹಲ್ಲೆಲ್ಲಾ ಹೆಚ್ಚುಕಮ್ಮಿ ಒಟ್ಟಿಗೇ ಕೂರುತ್ತೆ, ಪಕ್ಕಕ್ಕೂ ಆರಾಮಾಗಿ ಸರಿಯುತ್ತೆ, ಮೆಲುಕು ಹಾಕೋ ಪ್ರಾಣಿಗೆ ಬೇಕಾಗಿರೋದೇ ಅದು. ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ, ಗಟ್ಟಿ ಒಸಡಿನ ದಿಂಡು ಅಷ್ಟೇ. ಬರೀ ಕೀಲಿನ ಎತ್ತರ ನೋಡಿ ಪ್ರಾಣಿ ಏನು ತಿನ್ನುತ್ತೆ ಅಂತ ಸುಮಾರಾಗಿ ಹೇಳ್ಬಹುದು, ಇದು ನನಗೆ ಇವತ್ತಿಗೂ ಖುಷಿ ಕೊಡೋ ವಿಷಯ.

ಆಮೇಲೆ ಎಲ್ಲರಿಗೂ ಕಿವಿ ಮುಂದೆ ಬೆರಳಿಟ್ಟು ಬಾಯಿ ಅಗಲ ತೆಗೀರಿ ಅಂತೀನಿ. ದವಡೆ ತಲೆ (ಕೀಲಲ್ಲಿ ಕೂರೋ ದುಂಡು ತುದಿ) ಬರೀ ತಿರುಗಲ್ಲ, ಮುಂದಕ್ಕೂ ಜಾರುತ್ತೆ, ಬೆರಳಿಗೇ ಗೊತ್ತಾಗುತ್ತೆ. ಕಿವಿ ಹತ್ರ ಕೈ ಇದ್ದಾಗಲೇ ಇನ್ನೊಂದು ಹೇಳ್ಬಿಡ್ತೀನಿ: ಹಲ್ಲಿಗಳಲ್ಲಿ ದವಡೆ ಕೀಲಾಗಿರೋ ಎರಡು ಮೂಳೆ ನಮ್ಮಲ್ಲಿ ಕಿವಿ ಒಳಗೆ ಸೇರ್ಕೊಂಡು ಸುತ್ತಿಗೆ ಮೂಳೆ, ಅಡಿಗಲ್ಲು ಮೂಳೆ ಆಗಿವೆ, ರೈಕರ್ಟ್ ಅನ್ನೋ ಜರ್ಮನ್ ವಿಜ್ಞಾನಿ 1837ರಲ್ಲೇ ಭ್ರೂಣ ನೋಡಿ ಇದನ್ನ ತೋರಿಸಿದ್ರು. ಮುಂದಿನ ಬ್ಯಾಚಿಗೆ ಹಲ್ಲಿ ದವಡೆನೂ ಜೊತೆಗಿಡ್ಬೇಕು ಅಂತಿದೀನಿ, ಆದ್ರೆ ಅದು ತೀರಾ ಸಣ್ಣದು, ಭೂತಗನ್ನಡಿ ಇಲ್ದೆ ಆಗಲ್ಲ.