ಕಸದ ಗುಡ್ಡದ ಮೇಲೆ ಸೋಲಾರ್: ನೆಲ ಚುಚ್ಚದೆ ಕಟ್ಟುವುದು ಹೇಗೆ?

ಮುಚ್ಚಿದ ಕಸದ ಗುಡ್ಡದ ಮೇಲೆ ಮನೆ ಕಟ್ಟುವಂತಿಲ್ಲ, ಬೆಳೆ ತೆಗೆಯುವಂತಿಲ್ಲ. ಆದರೆ ಬಿಸಿಲು ಅಲ್ಲೂ ಬೀಳುತ್ತದೆ ಅಲ್ವಾ? ಮರದ ನೆರಳಿಲ್ಲ, ಜಾಗ ಎಷ್ಟೋ ಕಡೆ ನಗರಸಭೆಯದ್ದೇ. ಒಂದು ಮೆಗಾವಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು. ಒಳ್ಳೆಯ ಹೊಲಕ್ಕೆ ಕೈಹಾಕುವ ಮೊದಲು ಇಂಥ ಜಾಗ ನೋಡಬೇಕು ಎಂದೇ ನಾನು ಹೇಳುತ್ತೇನೆ.

ಮೊದಲು ಹಳೆಯ ಕಡತ ತೆಗೆಸಿ. ಕಸ ಸುರಿಯುವುದು ಯಾವಾಗ ನಿಂತಿತು, ಎಷ್ಟು ಆಳಕ್ಕಿದೆ, ಗ್ಯಾಸ್ ಬಾವಿಗಳು (ಕಸ ಕೊಳೆತು ಹುಟ್ಟುವ ಗ್ಯಾಸ್ ಹೊರತೆಗೆಯುವ ಕೊಳವೆಗಳು) ಎಲ್ಲಿವೆ ಎಂದು ನಕ್ಷೆ ಮಾಡಿ. ಆಮೇಲೆ ಗುಡ್ಡ ಎಷ್ಟು ಇಳಿಯುತ್ತಿದೆ ಎಂದು ಸರ್ವೆ ಮಾಡಿಸಿ. ಒಳಗಿನ ಕಸ ಕೊಳೆತಂತೆ ನೆಲ ಕುಸಿಯುತ್ತದೆ. ಅದೂ ಒಂದೇ ಸಮ ಅಲ್ಲ, ಇಲ್ಲೊಂದು ತಗ್ಗು, ಅಲ್ಲೊಂದು ತಗ್ಗು. ಮುಚ್ಚಿದ ಮೊದಲ ವರ್ಷಗಳಲ್ಲೇ ಇದು ಜಾಸ್ತಿ. ಹಾಗಾಗಿ ಅವಸರ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಕಸವನ್ನು ಮುಚ್ಚಿರುವ ಹೊದಿಕೆ. ಮೇಲೆ ಹುಲ್ಲು, ಅದರಡಿ ಮಣ್ಣು, ಮಳೆನೀರು ಹರಿದುಹೋಗುವ ಪದರ, ಅದರ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ದಪ್ಪ ಎಂದರೂ ಸಾಮಾನ್ಯವಾಗಿ 1ರಿಂದ 1.5 ಮಿಲಿಮೀಟರ್ ಅಷ್ಟೇ! ಅದು ತೂತಾದರೆ ಮಳೆನೀರು ಕಸಕ್ಕಿಳಿದು, ವಿಷದ ಕಪ್ಪು ನೀರಾಗಿ ಅಂತರ್ಜಲ ಸೇರಬಹುದು. ಆದ್ದರಿಂದ ಬೇರೆ ಕಡೆ ಮಾಡುವಂತೆ ಕಂಬ ಹೂಳಬೇಡಿ. ಜಲ್ಲಿ ಹಾಸಿ, ಕಾಂಕ್ರೀಟ್ ದಿಮ್ಮಿ ಇಟ್ಟು, ಅದರ ಭಾರಕ್ಕೇ ಚೌಕಟ್ಟು ನಿಲ್ಲಿಸಿ. ಗಾಳಿಗೆ ಏಳದಷ್ಟು ಭಾರ ಬೇಕು, ಹೊದಿಕೆ ತಡೆಯುವಷ್ಟೇ ಇರಬೇಕು. ಈ ಲೆಕ್ಕ ಎಂಜಿನಿಯರ್ ಹತ್ತಿರವೇ ಮಾಡಿಸಿ. ಕಡಿದಾದ ಇಳಿಜಾರು ಬಿಟ್ಟುಬಿಡಿ. ಮಳೆ ಬಂದ ಮರುದಿನ ಲಾರಿ ಹತ್ತಿಸಬೇಡಿ, ಚಕ್ರದ ಗುಂಡಿಯಲ್ಲಿ ನೀರು ನಿಲ್ಲುತ್ತದೆ.

ಅಮೆರಿಕದ ಅಟ್ಲಾಂಟಾ ಹತ್ತಿರದ ಹಿಕರಿ ರಿಡ್ಜ್ ಎಂಬ ಕಸದ ಗುಡ್ಡದಲ್ಲಿ 2011ರಲ್ಲಿ ಇನ್ನೊಂದು ದಾರಿ ಹಿಡಿದರು. ಬಳುಕುವ ತೆಳು ಪ್ಯಾನೆಲ್‌ಗಳನ್ನು ಹೊದಿಕೆಯ ಹಾಳೆಗೇ ಅಂಟಿಸಿ 1 ಮೆಗಾವಾಟ್ ಘಟಕ ಮಾಡಿದರು.

ಗ್ಯಾಸ್ ವಿಷಯದಲ್ಲಿ ಸುಮ್ನೆ ಧೈರ್ಯ ಮಾಡಬೇಡಿ. ಕಸದ ಗ್ಯಾಸಿನಲ್ಲಿ ಸುಮಾರು ಅರ್ಧ ಮೀಥೇನ್. ಗಾಳಿಯಲ್ಲಿ ಅದು ಶೇ 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು. ವೈರಿಂಗ್ ಪೆಟ್ಟಿಗೆಗಳನ್ನು ಗ್ಯಾಸ್ ಬಾವಿಯಿಂದ ದೂರ ಇಡಿ. ಕೇಬಲ್ ನೆಲದಲ್ಲಿ ಹೂಳದೆ ಟ್ರೇಯಲ್ಲಿ ಮೇಲೆಯೇ ಒಯ್ಯಿರಿ. ಬಿಗಿಯಾಗಿ ಎಳೆಯದೆ ಸ್ವಲ್ಪ ಜೋಲು ಬಿಡಿ. ನೆಲ ಇಳಿದಾಗ ಕಿತ್ತುಬರದಂತೆ ಕಾಯುವುದು ಆ ಜೋಲೇ. ಟ್ರಾನ್ಸ್‌ಫಾರ್ಮರ್‌ನಂಥ ಭಾರದ ವಸ್ತುಗಳನ್ನು ಕಸವಿಲ್ಲದ ಗಟ್ಟಿ ನೆಲದಲ್ಲಿ ಇಡಿ.

ಬಿಸಿಲಿನ ಹಿಂದೆ ತಿರುಗುವ ಚೌಕಟ್ಟಿಗಿಂತ ಒಂದೇ ಕಡೆ ನಿಲ್ಲುವ ಚೌಕಟ್ಟು ಇಲ್ಲಿಗೆ ಒಳ್ಳೆಯದು. ಕಾಲುಗಳ ಎತ್ತರ ಹೊಂದಿಸುವಂತಿದ್ದರೆ ಇನ್ನೂ ಅನುಕೂಲ. ವರ್ಷಕ್ಕೊಮ್ಮೆ ಮಟ್ಟ ಅಳೆಯಿರಿ, ಚರಂಡಿಯ ಹೂಳು ತೆಗೆಸಿ, ಬೇರು ಆಳಕ್ಕಿಳಿಯುವ ಗಿಡ ಕೀಳಿಸಿ.

ಕಂಪನಿಗೆ ಜಾಗ ಗುತ್ತಿಗೆ ಕೊಡುವುದಾದರೆ, ಹೊದಿಕೆ ಹರಿದರೆ ರಿಪೇರಿ ಯಾರದ್ದು, ಎಷ್ಟು ದಿನದೊಳಗೆ ಎಂಬುದನ್ನು ಸಹಿಗೆ ಮೊದಲೇ ಕರಾರಿನಲ್ಲಿ ಬರೆಸಿ.